ಡಬ್ಬ ತುಂಬಿದಾಗೊಮ್ಮೆ ಏಳಿ

(ಜನವರಿ ಎರಡನೇ ಭಾನುವಾರ ಸಾಗರದ ಹತ್ತಿರದ ಹಳ್ಳಿಯೊಂದರ ಮಹಿಳಾ ಮಂಡಳಿಯಲ್ಲಿ ಆಡಿದ ಮಾತು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದನ್ನು ಕೇಳಿಕೊಂಡು ಬರೆದಿದ್ದೇನೆ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿಸಿದ್ದೇನೆ, ಉಳಿದದ್ದನ್ನು ಹೆಚ್ಚು ತಿದ್ದಲು ಹೋಗಿಲ್ಲ.)

ಎಲ್ಲರಿಗೂ ನಮಸ್ಕಾರ. ಅಡಿಕೆ ಸುಲಿತದ ಗಡಿಬಿಡಿಯ ನಡುವೆ ಬಿಡುವು ಮಾಡಿಕೊಂಡು ಇಷ್ಟು ಜನ ಬಂದಿದ್ದೀರಿ. ಹಲವರ ಬೆರಳು ನೋಡಿದರೇ ಗೊತ್ತಾಗುತ್ತದೆ, ಅಡಿಕೆಯ ಕಪ್ಪು ಇನ್ನೂ ಹೋಗಿಲ್ಲ. ನನ್ನನ್ನು ಕರೆದ ಅಕ್ಕ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಹೊಸ ವರ್ಷ ಅಲ್ವಾ ಮೇಡಂ, ಆರೋಗ್ಯದ ಬಗ್ಗೆ ಏನಾದ್ರೂ ಹೇಳಿ. ಅರ್ಧ ಗಂಟೆ ಸಾಕು, ಆಮೇಲೆ ಸುಲಿಯೋಕೆ ಅಡಿಕೆ ಕೊನೆ ಬಂದು ಬಿದ್ದಿರ್ತದೆ." ಅರ್ಧ ಗಂಟೆ ಅಂದಿದ್ದು ಮುಕ್ಕಾಲು ಗಂಟೆ ಆದರೆ ಬೈಕೋಬೇಡಿ.

ನಾನು ಫಿಸಿಯೋಥೆರಪಿಸ್ಟ್. ನಮ್ಮ ಕಡೆ ನಮಗೆ ಇನ್ನೊಂದು ಹೆಸರಿದೆ, ಕರೆಂಟ್ ಕೊಡೋರು. ಬಸ್ ಸ್ಟ್ಯಾಂಡಿನಲ್ಲಿ "ಎಲ್ಲಿಗೆ ಹೊರಟ್ರಿ?" ಅಂತ ಯಾರಾದರೂ ಕೇಳಿದರೆ "ಮಂಡಿಗೆ ಕರೆಂಟ್ ಇಡ್ಸಕ್ಕೆ" ಅಂತಾರೆ. ನಾಲ್ಕು ವರ್ಷ ಕಾಲೇಜು, ಆರು ತಿಂಗಳು ಇಂಟರ್ನ್‌ಶಿಪ್ ಮಾಡಿ ಬಂದವಳಿಗೆ ಮೊದಮೊದಲು ಈ ಮಾತು ಕೇಳಿ ಸಿಟ್ಟು ಬರುತ್ತಿತ್ತು. ಈಗ ಬರುವುದಿಲ್ಲ. ತಪ್ಪು ನಮ್ಮದೂ ಇದೆ. ಬಂದವರನ್ನು ಮಂಚದ ಮೇಲೆ ಮಲಗಿಸಿ, ಮಂಡಿಗೆ ಪ್ಯಾಡ್ ಅಂಟಿಸಿ, ಹದಿನೈದು ನಿಮಿಷ ಜುಂ ಅನ್ನಿಸಿ ಕಳಿಸುವುದು ನಮಗೂ ಸುಲಭ, ನಿಮಗೂ ಸುಖ. ಆ ಮಷೀನು ಸುಳ್ಳಲ್ಲ, ಸ್ವಲ್ಪ ಹೊತ್ತು ನೋವು ತಗ್ಗಿಸುತ್ತದೆ. ಆದರೆ ಹತ್ತು ಸಲ ಇಡಿಸಿಕೊಂಡರೂ ನಿಮ್ಮ ತೊಡೆಯ ಸ್ನಾಯುವಿಗೆ ಒಂದು ಗುಂಜಿಯಷ್ಟೂ ಬಲ ಬರುವುದಿಲ್ಲ. ಬಲ ಬರಿಸುವ ಕೆಲಸ ನಿಮ್ಮದು. ಅದನ್ನು ಹೇಗೆ ಮಾಡಬೇಕು, ಎಷ್ಟು ಮಾಡಬೇಕು, ಯಾವಾಗ ನಿಲ್ಲಿಸಬೇಕು ಅಂತ ಹೇಳಿಕೊಡುವುದು ನನ್ನದು.

ಇವತ್ತು ಮಂಡಿಯನ್ನೇ ಇಟ್ಟುಕೊಂಡು ಮಾತಾಡುತ್ತೇನೆ. ಈ ತಿಂಗಳಲ್ಲಿ ನನ್ನ ಬಾಗಿಲಿಗೆ ಬರುವವರಲ್ಲಿ ಮಂಡಿ, ಸೊಂಟದವರೇ ಜಾಸ್ತಿ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಮಣೆ ಹಾಕಿಕೊಂಡು ಬೆಳಿಗ್ಗೆ ಕೂತರೆ ಮಧ್ಯಾಹ್ನ ಊಟಕ್ಕೇ ಏಳುವುದು. ಏಳುವಾಗ ಒಂದು ಕೈ ನೆಲಕ್ಕೆ, ಒಂದು ಕೈ ಪಕ್ಕದವರ ಹೆಗಲಿಗೆ. ಬಾಯಲ್ಲಿ "ಅಯ್ಯಮ್ಮಾ". ಹೌದಲ್ವಾ? ನಗುತ್ತಿದ್ದೀರಿ ಅಂದರೆ ಹೌದು.

ಬಂದವರು ಎಕ್ಸ್‌ರೇ ಚೀಲ ಬಿಚ್ಚುತ್ತಲೇ ಹೇಳುವ ಮಾತು ಮೂರು. "ಮಂಡಿ ಸವೆದೋಗಿದೆ." "ಗ್ಯಾಪ್ ಬಂದಿದೆ." "ಗ್ರೀಸ್ ಖಾಲಿಯಾಗಿದೆ." ಈ ಮೂರರಲ್ಲೂ ಅರ್ಧ ಸತ್ಯ ಇದೆ. ಆದರೆ ಈ ಮಾತುಗಳು ಮಾಡುವ ಹಾನಿ ದೊಡ್ಡದು. ಸವೆದದ್ದು ಅಂದ ಕೂಡಲೇ ಮನಸ್ಸಿಗೆ ಬರುವುದು ಚಪ್ಪಲಿ, ಗಾಡಿಯ ಟೈರು. ಸವೆದ ಚಪ್ಪಲಿಯನ್ನು ಏನು ಮಾಡುತ್ತೀರಿ? ಕಮ್ಮಿ ಹಾಕಿಕೊಳ್ಳುತ್ತೀರಿ. ಹಾಗೇ ಮಂಡಿಯನ್ನೂ ಕಮ್ಮಿ ಬಳಸಲು ಶುರು ಮಾಡುತ್ತೀರಿ. ಎಡವಟ್ಟಾಗುವುದು ಇಲ್ಲಿಂದ.

ಮಂಡಿ ಚಪ್ಪಲಿಯ ಜಾತಿಯದಲ್ಲ. ಮೂಳೆ ತುದಿಗೆ ಒಂದು ನುಣುಪಾದ ಹೊದಿಕೆ ಇರುತ್ತದೆ, ಕಾರ್ಟಿಲೇಜ್ ಅಂತಾರೆ. ಅದಕ್ಕೆ ನೇರವಾಗಿ ರಕ್ತ ಹರಿಯುವುದಿಲ್ಲ. ಮತ್ತೆ ಅದಕ್ಕೆ ಊಟ ಎಲ್ಲಿಂದ? ಕೀಲಿನ ಒಳಗಿರುವ ದ್ರವದಿಂದ. ಸಾಂಬಾರಿನಲ್ಲಿ ಬಿದ್ದ ಇಡ್ಲಿಯನ್ನು ಚಮಚದಲ್ಲಿ ಮೆಲ್ಲಗೆ ಒತ್ತಿ ಬಿಡಿ. ಒತ್ತಿದಾಗ ಒಳಗಿನದು ಹೊರಗೆ ಬರುತ್ತದೆ, ಬಿಟ್ಟಾಗ ಹೊಸದು ಒಳಗೆ ಹೋಗುತ್ತದೆ. ನಡೆದಾಗ, ಎದ್ದಾಗ, ಕೂತಾಗ ಮಂಡಿಯಲ್ಲಿ ಆಗುವುದು ಅದೇ. ಒಂದೇ ಭಂಗಿಯಲ್ಲಿ ನಾಲ್ಕು ತಾಸು ಮಡಚಿ ಕೂತರೆ ಒತ್ತುವುದು ಮಾತ್ರ ಆಯಿತು, ಬಿಡುವುದು ಆಗಲಿಲ್ಲ. ಹಾಸಿಗೆಯ ಮೇಲೆ ಕಾಲು ಚಾಚಿ ಮಲಗಿಯೇ ಇದ್ದರೆ ಒತ್ತುವುದೂ ಇಲ್ಲ. ಎರಡರಲ್ಲೂ ಹೊದಿಕೆಗೆ ಉಪವಾಸ.

ಇನ್ನೊಂದು ಗುಟ್ಟು ಹೇಳುತ್ತೇನೆ. ಎಕ್ಸ್‌ರೇಯಲ್ಲಿ ಕಂಡಷ್ಟೇ ನೋವು ಇರಬೇಕು ಅಂತೇನಿಲ್ಲ. ಚಿತ್ರದಲ್ಲಿ ಮಂಡಿ ಪೂರಾ ಕೆಟ್ಟಂತೆ ಕಾಣುವವರು ಗುಡ್ಡ ಹತ್ತಿ ದರಕು, ಅಂದರೆ ಒಣಗಿದ ಎಲೆ, ಹೊತ್ತು ತರುತ್ತಾರೆ. ಚಿತ್ರ ಚೆನ್ನಾಗಿರುವವರು ಮೆಟ್ಟಿಲು ಹತ್ತಲಾರರು. ವ್ಯತ್ಯಾಸ ಬಹಳ ಸಲ ಇರುವುದು ಮೂಳೆಯಲ್ಲಲ್ಲ, ತೊಡೆಯ ಮುಂಭಾಗದ ಸ್ನಾಯುವಿನಲ್ಲಿ. ನೋವಿರುವ ಮಂಡಿ ಆ ಸ್ನಾಯುವಿಗೆ "ನೀನು ಸುಮ್ಮನಿರು" ಅನ್ನುತ್ತದೆ. ಸ್ನಾಯು ಸುಮ್ಮನಾದಷ್ಟೂ ಸೊರಗುತ್ತದೆ. ಸೊರಗಿದಷ್ಟೂ ಭಾರವೆಲ್ಲ ಕೀಲಿನ ಮೇಲೆ, ಕೀಲಿಗೆ ಇನ್ನಷ್ಟು ನೋವು. ಸ್ನಾಯು ಎಷ್ಟು ಬೇಗ ಸೊರಗುತ್ತದೆ ಗೊತ್ತಾ? ಅಮೆರಿಕದಲ್ಲಿ ಆರೋಗ್ಯವಾಗಿದ್ದ ವಯಸ್ಸಾದವರನ್ನೇ 10 ದಿನ ಹಾಸಿಗೆಯಲ್ಲಿ ಮಲಗಿಸಿ ಅಳೆದು ನೋಡಿದ್ದಾರೆ, 2007ರಲ್ಲಿ ಪ್ರಕಟವಾದ ಅಧ್ಯಯನ. ಕಾಲುಗಳಲ್ಲೇ ಹೆಚ್ಚು ಕಮ್ಮಿ ಒಂದು ಕಿಲೊ ಮಾಂಸಖಂಡ ಕರಗಿತ್ತು. ಹತ್ತೇ ದಿನದಲ್ಲಿ! "ಅತ್ತೆಗೆ ಮಂಡಿನೋವು, ಪಾಪ, ಒಂದು ಲೋಟವನ್ನೂ ಎತ್ತಿಡೋಕೆ ಬಿಡಲ್ಲ" ಅನ್ನುವ ಒಳ್ಳೆಯ ಸೊಸೆಯರಿಗೆ ಇದನ್ನು ಹೇಳಲೇಬೇಕು. ಲೋಟ ಅವರೇ ಎತ್ತಿಡಲಿ.

ಈಗ ನನ್ನ ಒಂದು ಪೆದ್ದುತನ. ಪ್ರಾಕ್ಟೀಸ್ ಶುರು ಮಾಡಿದ ಹೊಸತು. ಐವತ್ತೆಂಟರ ಒಬ್ಬ ಅಮ್ಮ ಬಂದರು, ಎರಡೂ ಮಂಡಿ ನೋವು. ನಾನು ಕಲಿತದ್ದನ್ನೆಲ್ಲ ತೋರಿಸುವ ಉಮೇದಿನಲ್ಲಿ ಹನ್ನೆರಡು ವ್ಯಾಯಾಮ ಬರೆದು, ಚಿತ್ರ ಸಮೇತ ಪ್ರಿಂಟ್ ತೆಗೆದು ಕೊಟ್ಟೆ. ದಿನಕ್ಕೆ ಎರಡು ಹೊತ್ತು ಅಂದೆ. ತಿಂಗಳ ಮೇಲೆ ಬಂದರು. "ಮಾಡಿದ್ರಾ?" ಅಂದರೆ ಪರ್ಸಿನಿಂದ ಆ ಹಾಳೆ ತೆಗೆದರು. ನಾನು ಮಡಚಿ ಕೊಟ್ಟಿದ್ದು ಹೇಗಿತ್ತೋ ಹಾಗೇ ಇತ್ತು, ಮಡಿಕೆಯೂ ಬದಲಾಗಿರಲಿಲ್ಲ. ನನ್ನ ಮುಖ ಸಪ್ಪಗಾಯಿತು. ಅವರೇ ಸಮಾಧಾನ ಹೇಳಿದರು: "ನೀವು ಚಂದ ಬರ್ದು ಕೊಟ್ಟಿದ್ರಿ ಮಾರಾಯ್ತಿ. ಆದ್ರೆ ನಂಗೆ ಬೆಳಿಗ್ಗೆ ಐದಕ್ಕೆ ಎದ್ರೆ ಕೊಟ್ಟಿಗೆ, ಆಮೇಲೆ ಆಸ್ರಿ-ತಿಂಡಿ, ಆಮೇಲೆ ಅಡುಗೆ. ಇದ್ನ ಎಲ್ಲಿ ತುರುಕೋದು?"

ಎಲ್ಲಿ ತುರುಕೋದು! ಕಾಲೇಜಿನಲ್ಲಿ ಈ ಪ್ರಶ್ನೆಯನ್ನು ನಮಗೆ ಯಾರೂ ಕೇಳಿರಲಿಲ್ಲ. ಅಂದಿನಿಂದ ನಾನು ಮೊದಲು ಕೇಳುವುದು "ನೋವು ಎಲ್ಲಿ" ಅಂತಲ್ಲ, "ನಿಮ್ಮ ದಿನ ಹೇಗೆ" ಅಂತ. ಮತ್ತೆ ಒಂದು ಸಲಕ್ಕೆ ಎರಡಕ್ಕಿಂತ ಹೆಚ್ಚು ವ್ಯಾಯಾಮ ಕೊಡುವುದಿಲ್ಲ.

ಹೊಸ ವರ್ಷದ ಸಂಕಲ್ಪದ ಕಥೆಯೂ ಹನ್ನೆರಡು ವ್ಯಾಯಾಮದ ಹಾಳೆಯ ಕಥೆಯೇ. ಜನವರಿ ಒಂದಕ್ಕೆ ಸಕ್ಕರೆ ಬಿಟ್ಟೆ, ಅನ್ನ ಕಮ್ಮಿ ಮಾಡಿದೆ, ವಾಕಿಂಗ್, ಯೋಗ, ಎಲ್ಲ ಒಟ್ಟಿಗೆ. ಸಂಕ್ರಾಂತಿಗೆ ಎಳ್ಳುಬೆಲ್ಲದ ಜೊತೆ ಎಲ್ಲ ಮುಗಿಯಿತು. 21 ದಿನ ಮಾಡಿದರೆ ರೂಢಿಯಾಗುತ್ತದೆ ಅಂತ ವಾಟ್ಸಾಪಿನಲ್ಲಿ ಬರುತ್ತಲೇ ಇರುತ್ತದೆ. ಅದಕ್ಕೆ ಗಟ್ಟಿ ಆಧಾರವಿಲ್ಲ. ಲಂಡನ್ನಿನ ವಿಶ್ವವಿದ್ಯಾಲಯವೊಂದರಲ್ಲಿ 96 ಜನರನ್ನು ಹಿಂಬಾಲಿಸಿ ನೋಡಿದರು. ಹೊಸದೊಂದು ಕೆಲಸ ಯೋಚನೆಯಿಲ್ಲದೆ ತಾನಾಗಿ ಆಗುವಂತಾಗಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ, ಕೆಲವರ ಲೆಕ್ಕ 254 ದಿನದವರೆಗೂ ಹೋಯಿತು. ನನಗೆ ಆ ಅಧ್ಯಯನದಲ್ಲಿ ಇಷ್ಟವಾದ ಸಂಗತಿ ಬೇರೆ: ನಡುವೆ ಒಂದು ದಿನ ತಪ್ಪಿದರೆ ಏನೂ ಮುಳುಗಿಹೋಗಲಿಲ್ಲ. ನಮ್ಮವರಾದರೆ ವ್ರತದಂತೆ ಹಿಡಿಯುತ್ತಾರೆ, ಒಂದು ದಿನ ಭಂಗವಾದರೆ "ಹೋಯ್ತು ಬಿಡು" ಅಂತ ಕೈಬಿಡುತ್ತಾರೆ. ಇದು ವ್ರತ ಅಲ್ಲ, ಹಲ್ಲುಜ್ಜಿದ ಹಾಗೆ. ಜ್ವರದಲ್ಲಿ ಒಂದು ದಿನ ಹಲ್ಲುಜ್ಜದಿದ್ದರೆ ಮರುದಿನ ಬ್ರಶ್ ಬಿಸಾಡುತ್ತೀರಾ?

ಜನವರಿ ಒಂದರಿಂದ 66 ದಿನ ಎಣಿಸಿದರೆ ಮಾರ್ಚ್ ಮೊದಲ ವಾರ ಆಗುತ್ತದೆ. ಆ ಹೊತ್ತಿಗೆ ನಿಮ್ಮ ಸುಲಿತವೂ ಮುಗಿದಿರುತ್ತದೆ, ಯುಗಾದಿಯೂ ಹತ್ತಿರ ಬಂದಿರುತ್ತದೆ. ಕ್ಯಾಲೆಂಡರಿನ ಹೊಸ ವರ್ಷಕ್ಕೆ ಶುರು ಮಾಡಿದ್ದು ನಮ್ಮ ಹೊಸ ವರ್ಷಕ್ಕೆ ಕೂಡಿಬಂದರೆ ಸಾಕು, ಅವಸರ ಇಲ್ಲ.

ತುರುಕುವ ಜಾಗ ಎಲ್ಲಿದೆ? ಹಾಲು ಉಕ್ಕುವುದನ್ನು ಕಾಯುವಾಗ ನೀವು ಏನು ಮಾಡುತ್ತೀರಿ? ಒಲೆ ಮುಂದೆ ನಿಂತು ಪಾತ್ರೆ ನೋಡುತ್ತೀರಿ. ಅಡುಗೆ ಕಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಒಂದು ಕಾಲು ಎತ್ತಿ ನಿಲ್ಲಿ. ಹತ್ತು ಎಣಿಸಿ, ಇನ್ನೊಂದು ಕಾಲು. ಅಷ್ಟೇ. ಇದು ಮಂಡಿಗಿಂತ ಹೆಚ್ಚಾಗಿ ಬೀಳದಿರುವುದಕ್ಕೆ. ಹಿಂದೆ ಹಳ್ಳ ದಾಟಲು ಸಂಕ ಇರುತ್ತಿತ್ತು, ಮಳೆಗಾಲದ ಅಂಗಳದಲ್ಲಿ ಅಡಿಕೆ ದಬ್ಬೆ ಹಾಸಿರುತ್ತಿದ್ದೆವು. ಅದರ ಮೇಲೆ ನಡೆದೂ ನಡೆದೂ ಕಾಲಿಗೆ ಸಮತೋಲ ತಾನಾಗಿ ಕೂಡುತ್ತಿತ್ತು. ಈಗ ಎಲ್ಲ ಕಾಂಕ್ರೀಟು, ಟೈಲ್ಸು. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಬರುವವರನ್ನು ನೋಡಿದಾಗ ನನಗೆ ಸಂಕ ನೆನಪಾಗುತ್ತದೆ. ಅರವತ್ತೈದು ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲದ ಅಭ್ಯಾಸ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ಹೇಳುತ್ತದೆ. ನೀವು ದಿನಾ ಎರಡು ಹೊತ್ತು ಹಾಲು ಕಾಯಿಸುತ್ತೀರಿ.

ಇನ್ನು ಮಂಡಿಗೇ ಅಂತ ಎರಡು.

ಒಂದು ಮಲಗುವ ಮುಂಚಿನದು. ಹಾಸಿಗೆ ಮೇಲೆ ಕಾಲು ಚಾಚಿ ಕೂತುಕೊಳ್ಳಿ. ಟವೆಲ್ ಸುತ್ತಿ ಮಂಡಿಯ ಕೆಳಗಿಡಿ. ಕಾಲ್ಬೆರಳನ್ನು ನಿಮ್ಮ ಕಡೆ ಎಳೆದುಕೊಂಡು ಟವೆಲನ್ನು ಮಂಡಿಯಿಂದ ಕೆಳಗೆ ಒತ್ತಿ. ಐದು ಎಣಿಸಿ, ಸಡಿಲ ಬಿಡಿ. ಹತ್ತು ಸಲ, ಆಮೇಲೆ ಇನ್ನೊಂದು ಕಾಲು. ಒತ್ತುವಾಗ ತೊಡೆಯ ಮೇಲೆ ಕೈಯಿಟ್ಟು ನೋಡಿ, ಸ್ನಾಯು ಗಟ್ಟಿಯಾಗಬೇಕು. ಉಸಿರು ಕಟ್ಟಬಾರದು, ಬಿ.ಪಿ. ಇದ್ದವರು ಅಂತೂ ಕಟ್ಟಲೇಬಾರದು. ಎಣಿಕೆಯನ್ನು ಬಾಯಿಬಿಟ್ಟು ಹೇಳಿ, ಆಗ ಉಸಿರು ಕಟ್ಟಲು ಆಗುವುದೇ ಇಲ್ಲ. ಒಬ್ಬರು ಎಣಿಕೆಯ ಬದಲು ವಿಷ್ಣುಸಹಸ್ರನಾಮ ಹೇಳಿಕೊಂಡು ಮಾಡುತ್ತಾರೆ. ನನ್ನದೇನೂ ಅಭ್ಯಂತರವಿಲ್ಲ, ಸಾವಿರ ಸಲ ಒತ್ತದಿದ್ದರೆ ಸಾಕು.

ಎರಡನೆಯದು ಕುರ್ಚಿ. ಗೋಡೆಗೆ ತಾಗಿಸಿ ಇಡಿ, ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಜಾರುತ್ತದೆ. ಅಂಚಿಗೆ ಬಂದು ಕೂತು, ಪಾದ ಮಂಡಿಗಿಂತ ಸ್ವಲ್ಪ ಹಿಂದೆ ಎಳೆದುಕೊಂಡು, ಮೂಗು ಕಾಲ್ಬೆರಳ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಎದ್ದು ನಿಲ್ಲಿ. ಎಲ್ಲರೂ ಎಡವುವುದು ಕೂರುವಾಗ. ಧೊಪ್ ಅಂತ ಬೀಳುತ್ತೀರಿ. ಬೀಳಬೇಡಿ, ನಿದ್ದೆ ಹೋದ ಮಗುವನ್ನು ತೊಟ್ಟಿಲಿಗೆ ಇಳಿಸಿದ ಹಾಗೆ ನಿಮ್ಮನ್ನು ನೀವು ಇಳಿಸಿಕೊಳ್ಳಿ. ಸ್ನಾಯು ದುಡಿಯುವುದು ಆ ನಿಧಾನದಲ್ಲೇ. ಕಷ್ಟವಾದರೆ ಕುರ್ಚಿ ಮೇಲೆ ಒಂದು ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ಎಂಟು ಸಲ ಸಾಕು, ಊಟಕ್ಕೆ ಕೂರುವ ಮುಂಚೆ. ಮೊದಲ ವಾರ ಐದೇ ಆದರೂ ಸರಿ.

ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಡಿ. ನನ್ನ ಲೆಕ್ಕ ಹೀಗೆ: ಮರುದಿನ ಬೆಳಿಗ್ಗೆ ಎದ್ದಾಗ ನೋವು ಹಿಂದಿನ ದಿನದಷ್ಟೇ ಇದ್ದರೆ ಮುಂದುವರಿಸಿ. ಜಾಸ್ತಿ ಆಗಿದ್ದರೆ, ಊದಿದ್ದರೆ, ಅರ್ಧಕ್ಕೆ ಇಳಿಸಿ. ನಿಲ್ಲಿಸಬೇಡಿ, ಇಳಿಸಿ. ಮಂಡಿ ಕೆಂಪಾಗಿ ಬಿಸಿಯಾಗಿ ಊದಿದ್ದರೆ, ಜ್ವರ ಬಂದರೆ, ಒಂದೇ ಕಾಲಿನ ಮೀನಖಂಡ ಬಾತುಕೊಂಡು ನೋಯುತ್ತಿದ್ದರೆ, ಸೊಂಟನೋವಿನ ಜೊತೆ ಕಾಲಲ್ಲಿ ಬಲ ಹೋದರೆ ಅಥವಾ ಮೂತ್ರ ಹತೋಟಿ ತಪ್ಪಿದರೆ, ನಡೆಯುವಾಗ ಎದೆ ಹಿಡಿದಂತಾದರೆ, ಆಗ ವ್ಯಾಯಾಮದ ಮಾತೇ ಇಲ್ಲ. ನೇರ ಆಸ್ಪತ್ರೆಗೆ. ನನ್ನ ಹತ್ತಿರವೂ ಬರಬೇಡಿ.

ವಾಕಿಂಗ್ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಮಕ್ಕಳು ಬೆಂಗಳೂರಿನಿಂದ ಕೈಗೆ ಗಡಿಯಾರ ಕಟ್ಟಿ ಕಳಿಸಿದ್ದಾರೆ, "ಅಮ್ಮಾ, ದಿನಾ ಹತ್ತು ಸಾವಿರ ಹೆಜ್ಜೆ" ಅಂತ. ಆ ಹತ್ತು ಸಾವಿರ ಯಾವ ವೈದ್ಯರೂ ಬರೆದುಕೊಟ್ಟ ಲೆಕ್ಕವಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಿತು. ಅದರ ಹೆಸರು ಮಾನ್ಪೊ-ಕೇ, ಹತ್ತು ಸಾವಿರ ಹೆಜ್ಜೆ ಮೀಟರು ಅಂತ ಅರ್ಥ. ಮಾರಾಟಕ್ಕೆ ಇಟ್ಟ ಹೆಸರು ಲೋಕಕ್ಕೆಲ್ಲ ನಿಯಮವಾಯಿತು. 2019ರಲ್ಲಿ ಸರಾಸರಿ 72 ವಯಸ್ಸಿನ ಅಮೆರಿಕದ ಹೆಂಗಸರ ಮೇಲಿನ ದೊಡ್ಡ ಅಧ್ಯಯನವೊಂದು ಬಂತು. ದಿನಕ್ಕೆ 2,700 ಹೆಜ್ಜೆಯ ಆಸುಪಾಸಿನವರಿಗಿಂತ 4,400ರ ಆಸುಪಾಸಿನವರಲ್ಲಿ ಸಾವು ಗಣನೀಯವಾಗಿ ಕಮ್ಮಿ ಇತ್ತು, 7,500ರ ನಂತರ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಕೊಟ್ಟಿಗೆ, ಬಾವಿಕಟ್ಟೆ, ತೋಟ, ಚಪ್ಪರ ಅಂತ ಓಡಾಡುವ ನಿಮಗೆ ಹೆಜ್ಜೆಯ ಬಡತನ ಇಲ್ಲ, ಇರುವುದು ಬಲದ ಬಡತನ. ಅದಕ್ಕೇ ಮೇಲಿನ ಎರಡನ್ನು ಹಿಡಿಯಿರಿ ಅನ್ನುವುದು. ರಿಟೈರ್ ಆಗಿ ಪೇಟೆಯಿಂದ ಬಂದು ಜಗಲಿಯಲ್ಲಿ ಪೇಪರ್ ಓದುವ ಯಜಮಾನರಿದ್ದರೆ, ಅವರನ್ನು ನಡೆಸಿ. ಕಾಡಿನ ದಾರಿ ಮಾತ್ರ ಬೇಡ, ಇದು ಉಣುಗಿನ ಕಾಲ, ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಏನು ಅಂತ ನಮ್ಮ ಜಿಲ್ಲೆಯವರಿಗೆ ನಾನು ಹೇಳಬೇಕಾಗಿಲ್ಲ. ಡಾಂಬರು ರಸ್ತೆ ಸಾಕು.

ತೂಕದ ವಿಷಯ ಒಂದೇ ಮಾತು. ಒಂದು ಕಿಲೊ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿ ಮೇಲೆ ನಾಲ್ಕು ಕಿಲೊ ಭಾರ ಇಳಿದಂತೆ. ಊಟ ನನ್ನ ಅಂಗಳವಲ್ಲ, ಆದರೂ ಸ್ನಾಯು ಬೆಳೆಯಲು ಬರೀ ಅನ್ನ, ತಂಬುಳಿ ಸಾಲದು. ಹುರುಳಿ, ಹೆಸರುಕಾಳು, ಮೊಸರು, ತಿನ್ನುವವರು ಮೀನು, ತಟ್ಟೆಯಲ್ಲಿ ಸ್ವಲ್ಪ ಜಾಗ ಹೆಚ್ಚು ಪಡೆಯಲಿ.

ಈಗ ಸುಲಿತಕ್ಕೆ ಬರುತ್ತೇನೆ. "ನೆಲದ ಮೇಲೆ ಕೂರಬೇಡಿ" ಅಂತ ಬೋರ್ಡು ಬರೆದು ಹಾಕುವುದು ಸುಲಭ. ಕೂರದಿದ್ದರೆ ಅಡಿಕೆ ಸುಲಿಯುವವರು ಯಾರು? ಅನುಕೂಲಸ್ಥರ ಮನೆಗೆ ಮಷೀನು ಬಂದಿದೆ, ಎಲ್ಲರ ಮನೆಗೂ ಬಂದಿಲ್ಲ. ಆದ್ದರಿಂದ ನಾನು ಕೇಳುವುದು ಒಂದೇ. ಡಬ್ಬ ತುಂಬಿದಾಗೊಮ್ಮೆ ಏಳಿ. ಡಬ್ಬದಲ್ಲಿರುವ ಸುಲಿದ ಅಡಿಕೆ ಸುರಿಯಲು ಹೇಗೂ ಯಾರೋ ಒಬ್ಬರು ಏಳಬೇಕು, ಆ ಒಬ್ಬರು ನೀವೇ ಆಗಿ. ಎದ್ದು ಕಾಲು ನೀಡಿ, ಸೊಂಟಕ್ಕೆ ಕೈಯಿಟ್ಟು ಹಿಂದಕ್ಕೆ ಎರಡು ಸಲ ಬಾಗಿ, ಹತ್ತು ಹೆಜ್ಜೆ ಹಾಕಿ ಕೂತುಕೊಳ್ಳಿ. ಒಂದು ನಿಮಿಷವೂ ಆಗುವುದಿಲ್ಲ.

(ಇಲ್ಲಿ ಮುಂದಿನ ಸಾಲಿನಿಂದ ಒಬ್ಬರು ಹೇಳಿದರು: "ಡಬ್ಬದ ಲೆಕ್ಕದಲ್ಲಿ ಕೂಲಿ ಮೇಡಂ. ಎದ್ದಷ್ಟು ಹೊತ್ತು ದುಡ್ಡು ಹೋಗ್ತದೆ." ಅದಕ್ಕೆ ನನ್ನಲ್ಲಿ ಪೂರ್ತಿ ಉತ್ತರ ಇರಲಿಲ್ಲ. ಸುಲಿಸುವ ಮನೆಯವರೂ ಅಲ್ಲೇ ಕೂತಿದ್ದರು. ಅವರ ಕಡೆ ನೋಡಿ, ಚಹಾಕ್ಕೆ ಕೊಡುವ ಬಿಡುವನ್ನು ಎರಡು ಸಲ ಮಾಡಿ ಅಂದೆ. ಒಬ್ಬಿಬ್ಬರು ತಲೆಯಾಡಿಸಿದರು. ಅದು ಒಪ್ಪಿಗೆಯೋ ಮರ್ಯಾದೆಯೋ ತಿಳಿಯಲಿಲ್ಲ.)

ಕೊನೆಯಲ್ಲಿ ಒಂದು ಆಟ. ನೀವು ಕೂತ ಕುರ್ಚಿಯಲ್ಲೇ. ಎರಡೂ ಕೈ ಎದೆಯ ಮೇಲೆ ಅಡ್ಡ ಕಟ್ಟಿಕೊಳ್ಳಿ. ನಾನು ಶುರು ಅಂದಾಗಿಂದ 30 ಸೆಕೆಂಡಿನಲ್ಲಿ ಕೈ ಊರದೆ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ, ಎಣಿಸಿ. ಅರವತ್ತರಿಂದ ಅರವತ್ತನಾಲ್ಕರ ಹೆಂಗಸರಿಗೆ 12, ಎಪ್ಪತ್ತರ ಹರೆಯದವರಿಗೆ 10. ಅದಕ್ಕಿಂತ ಕಮ್ಮಿಯಾದರೆ ಕಾಲಿನ ಬಲ ಕಮ್ಮಿ ಇದೆ, ಬೀಳುವ ಭಯ ಜಾಸ್ತಿ ಇದೆ ಅಂತ ಲೆಕ್ಕ. ತಲೆ ಸುತ್ತುವವರು, ಆಪರೇಷನ್ ಆದವರು ಸುಮ್ಮನೆ ನೋಡಿ. ಪಕ್ಕದವರು ಕುರ್ಚಿಯ ಬೆನ್ನು ಹಿಡಿದುಕೊಳ್ಳಿ.

(ಕುರ್ಚಿಗಳ ಕಿರಿಕಿರಿಯಲ್ಲಿ ರೆಕಾರ್ಡಿಂಗ್‌ನಲ್ಲಿ ಅರ್ಧ ನಿಮಿಷ ಏನೂ ಕೇಳುವುದಿಲ್ಲ. ಮೂಲೆಯಲ್ಲಿದ್ದ, ಎಪ್ಪತ್ತೆರಡು ದಾಟಿದ ಅಜ್ಜಿ 11 ಮಾಡಿದರು. ಅವರ ಸೊಸೆ 9. ಸೊಸೆ ಕೆಳಗೆ ನೋಡಿದರೆ ಅಜ್ಜಿ ಮೇಲೆ ನೋಡುತ್ತಿದ್ದರು.)

ನಿಮ್ಮ ಅಂಕೆಯನ್ನು ಅಡುಗೆ ಮನೆಯ ಕ್ಯಾಲೆಂಡರಿನಲ್ಲಿ ಇವತ್ತಿನ ತಾರೀಕಿನ ಪಕ್ಕ ಬರೆದಿಡಿ, ಹಾಲಿನ ಲೆಕ್ಕ ಬರೆಯುತ್ತೀರಲ್ಲ, ಅಲ್ಲೇ. ಯುಗಾದಿ ದಿನ ಇನ್ನೊಂದು ಸಲ ಮಾಡಿ ಅದರ ಪಕ್ಕ ಬರೆಯಿರಿ. ಪ್ರಶ್ನೆ ಇದ್ದರೆ ಕೇಳಿ.

(ಭುಜ ಹಿಡಿದುಕೊಂಡು ರವಿಕೆಯ ಹುಕ್ಕು ಹಾಕಲಾಗದವರೊಬ್ಬರು ಕೇಳಿದರು. ಸಕ್ಕರೆ ಕಾಯಿಲೆ ಇದೆಯಾ ಅಂದೆ, ಇದೆ ಅಂದರು. ಸಕ್ಕರೆ ಇರುವವರಲ್ಲಿ ಭುಜ ಹೀಗೆ ಬಿಗಿಯುವುದು ಹೆಚ್ಚು, ತಡ ಮಾಡದೆ ಬನ್ನಿ ಎಂದೆ. ಮಂಡಿಗೆ ತೊಡುವ ನೀ-ಕ್ಯಾಪ್ ದಿನವಿಡೀ ಹಾಕಬಹುದಾ ಅಂತ ಇನ್ನೊಬ್ಬರು. ಗುಡ್ಡ ಇಳಿಯುವಾಗ ಹಾಕಿ, ಮನೆಯಲ್ಲಿ ತೆಗೆಯಿರಿ.

ಕೊನೆಯ ಪ್ರಶ್ನೆ ಮಣೆಯ ಎತ್ತರದ್ದು. ಮಣೆ ಎಷ್ಟು ಎತ್ತರ ಇದ್ದರೆ ಒಳ್ಳೆಯದು ಅಂದರು. ಎತ್ತರ ಆದಷ್ಟೂ ಮಂಡಿಗೆ ಹಗುರ, ಆದರೆ ಮೆಟ್ಟುಗತ್ತಿ ನೆಲದಲ್ಲೇ ಉಳಿದರೆ ಬೆನ್ನು ಬಗ್ಗಿ ನೋವು ಸೊಂಟಕ್ಕೆ ಜಾರುತ್ತದೆ, ಎರಡೂ ಜೊತೆಗೇ ಏರಬೇಕು ಅಂದೆ. ಆಗ 11 ಮಾಡಿದ ಅಜ್ಜಿ ಎದ್ದು ನಿಂತರು. ಅವರ ಮನೆಯಲ್ಲಿ ಐದಾರು ವರ್ಷದಿಂದ ಕತ್ತಿಯನ್ನು ಉದ್ದನೆಯ ಬೆಂಚಿಗೇ ಬಡಿದಿದ್ದಾರಂತೆ, ಅದೇ ಬೆಂಚಿನ ಮೇಲೆ ಕಾಲು ಇಳಿಬಿಟ್ಟು ಕೂತು ಸುಲಿಯುತ್ತಾರಂತೆ. "ನಿಂಗೆ ಗೊತ್ತಿರ್ಲಿಲ್ವಾ?" ಅಂದರು. ಗೊತ್ತಿರಲಿಲ್ಲ. ಬರುವ ಬುಧವಾರ ಆ ಬೆಂಚು ನೋಡಿ ಅಳತೆ ತೆಗೆದುಕೊಂಡು ಬರಲು ಅವರ ಮನೆಗೆ ಹೋಗುತ್ತಿದ್ದೇನೆ.)